ಪಟ್ಟೆ ಪಟ್ಟೆ ಪರದೆಯಿಂದ ಶುರು: ಒಂದು ಮ್ಯಾಕಿಂಟಾಷ್ ಎಸ್‌ಇ/30 ರಿಪೇರಿ

ಆನ್ ಮಾಡಿದ ಕೂಡಲೇ ಪರದೆ ತುಂಬ ಅಡ್ಡ ಪಟ್ಟೆಗಳು. ಕಪ್ಪು, ಬಿಳಿ, ಮತ್ತೆ ಕಪ್ಪು, ಮತ್ತೆ ಬಿಳಿ. ಸದ್ದಿಲ್ಲ. ಮೌಸ್‌ನ ಬಾಣವೂ ಇಲ್ಲ. ಎರಡು ನಿಮಿಷ ಕಾದೆ, ಏನೂ ಬದಲಾಗಲಿಲ್ಲ. ಆಫ್ ಮಾಡಿ ಮತ್ತೆ ಹಾಕಿದಾಗ ಪಟ್ಟೆಗಳ ಅಗಲ ಕೊಂಚ ಬೇರೆಯಾಗಿತ್ತು, ಅಷ್ಟೇ.

ಕ್ಯುಪರ್ಟಿನೋದ ಡಿ ಆಂಜಾ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ಎಲೆಕ್ಟ್ರಾನಿಕ್ಸ್ ಸಂತೆ ನಡೆಯುತ್ತಿದ್ದ ಕಾಲದಲ್ಲಿ ಈ ಎಸ್‌ಇ/30 ಕಂಪ್ಯೂಟರನ್ನು ಕೊಂಡಿದ್ದೆ. ಮಾರಿದವರು ಪ್ರಾಮಾಣಿಕರು. "ಆನ್ ಆಗುತ್ತೆ, ಪಟ್ಟೆ ಬರುತ್ತೆ, ಅದಕ್ಕಿಂತ ಜಾಸ್ತಿ ಗೊತ್ತಿಲ್ಲ" ಎಂದು ಮೊದಲೇ ಹೇಳಿದ್ದರು. ಆಪಲ್ ಕಂಪನಿಯ ಊರಲ್ಲೇ ಆಪಲ್‌ನ ಹಳೆಯ ಯಂತ್ರ ಸಿಕ್ಕಿತಲ್ಲ ಎಂದು ಖುಷಿಯಿಂದ ತಂದೆ. ಆಮೇಲೆ ಅದು ಗ್ಯಾರೇಜಿನ ಮೂಲೆಯಲ್ಲಿ ಬಹಳ ವರ್ಷ ಕೂತಿತ್ತು. ಕೊನೆಗೆ ಈ ಚಳಿಗಾಲದ ಐದಾರು ಶನಿವಾರಗಳನ್ನು ಇದಕ್ಕೇ ಎತ್ತಿಟ್ಟೆ.

ಹೊರಗಿನಿಂದ ನೋಡಿದರೆ ಎಸ್‌ಇ/30 ತುಂಬ ಸಾಧು ಯಂತ್ರ. 1987ರ ಎಸ್‌ಇಯದ್ದೇ ಮೈಕಟ್ಟು: 9 ಇಂಚಿನ ಕಪ್ಪು-ಬಿಳುಪು ಪರದೆ, ಕೆಳಗೆ ಫ್ಲಾಪಿ ಬಾಯಿ, ನೆತ್ತಿಯ ಮೇಲೆ ಹಿಡಿಕೆ. ಎಲ್ಲ ಸೇರಿ ಸುಮಾರು 10 ಕೆಜಿ. ಒಳಗಿರುವುದು ಮಾತ್ರ ಬೇರೆಯೇ ಜೀವ. ಎಸ್‌ಇಯಲ್ಲಿ 8 ಮೆಗಾಹರ್ಟ್ಸ್‌ಗೂ ಕೊಂಚ ಕಮ್ಮಿ ಓಡುವ 68000 ಪ್ರೊಸೆಸರ್ ಇತ್ತು, ಡೇಟಾ ದಾರಿ 16 ಬಿಟ್. 1989ರ ಜನವರಿಯಲ್ಲಿ ಬಂದ ಎಸ್‌ಇ/30ಯಲ್ಲಿ 15.6672 ಮೆಗಾಹರ್ಟ್ಸ್‌ನ 68030, ಪೂರಾ 32 ಬಿಟ್ ದಾರಿ, ಲೆಕ್ಕಕ್ಕೆಂದೇ ಪಕ್ಕದಲ್ಲಿ 68882 ಎಂಬ ಇನ್ನೊಂದು ಚಿಪ್. ಅಂದರೆ ಮೇಜಿನ ಮೇಲೆ ಅರ್ಧ ಜಾಗ ತಿನ್ನುತ್ತಿದ್ದ ಮ್ಯಾಕಿಂಟಾಷ್ IIಎಕ್ಸ್‌ನ ಸರಕನ್ನೆಲ್ಲ ತಂದು ಈ ಪುಟ್ಟ ಡಬ್ಬಿಗೆ ತುಂಬಿದ್ದಾರೆ. ಎಂಟು ರ‍್ಯಾಮ್ ಸ್ಲಾಟ್‌ಗಳಿವೆ, 128 ಎಂಬಿವರೆಗೂ ಹಾಕಬಹುದು. 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಇದ್ದದ್ದು 128 ಕೆಬಿ. ಐದು ವರ್ಷದಲ್ಲಿ 1,024 ಪಟ್ಟು! ಈ ಲೆಕ್ಕ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಪಟ್ಟೆಯ ವಿಷಯ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ರಿಪೇರಿ ಆದಂತೆ.

ಹಳೆಯ ಮ್ಯಾಕ್‌ಗಳಲ್ಲಿ ಪರದೆಯ ಚಿತ್ರ ಮುಖ್ಯ ರ‍್ಯಾಮ್‌ನಲ್ಲೇ ಇರುತ್ತಿತ್ತು. ಎಸ್‌ಇ/30ಯಲ್ಲಿ ಹಾಗಲ್ಲ. ಇದರಲ್ಲಿ ಚಿತ್ರಕ್ಕೆಂದೇ 64 ಕೆಬಿಯ ಬೇರೆ ವಿಡಿಯೋ ರ‍್ಯಾಮ್ ಇದೆ, ಅದಕ್ಕೆ ತನ್ನದೇ ಸಣ್ಣ ರೋಮ್ (ಕಾರ್ಖಾನೆಯಲ್ಲೇ ಆದೇಶ ಬರೆದಿಟ್ಟ ಚಿಪ್) ಕೂಡ ಇದೆ. ಸಾಫ್ಟ್‌ವೇರ್‌ನ ಕಣ್ಣಿಗೆ ಈ ಇಡೀ ಭಾಗ ಒಂದು ಸ್ಲಾಟ್‌ಗೆ ಚುಚ್ಚಿದ ವಿಡಿಯೋ ಕಾರ್ಡಿನ ಹಾಗೆ ಕಾಣುತ್ತದೆ, ನಿಜಕ್ಕೂ ಅಲ್ಲಿ ಕಾರ್ಡೇ ಇಲ್ಲದಿದ್ದರೂ. ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿ. ಒಂದು ಚುಕ್ಕಿಗೆ ಒಂದು ಬಿಟ್. ಒಟ್ಟು 21,888 ಬೈಟ್. ವಿಡಿಯೋ ಭಾಗ ಇಷ್ಟನ್ನು ಸೆಕೆಂಡಿಗೆ ಸುಮಾರು 60 ಸಲ ಓದಿ ಪಿಕ್ಚರ್ ಟ್ಯೂಬಿಗೆ ಕಳಿಸುತ್ತಲೇ ಇರುತ್ತದೆ. ಪ್ರೊಸೆಸರ್ ಬದುಕಿದೆಯೋ ಸತ್ತಿದೆಯೋ ಅದಕ್ಕೆ ಬೇಕಿಲ್ಲ.

ಎಲ್ಲ ಸರಿ ಇದ್ದಾಗ ಪ್ರೊಸೆಸರ್ ಎದ್ದು, ರೋಮ್ ಓದಿ, ವಿಡಿಯೋ ರ‍್ಯಾಮ್ ಒರೆಸಿ ಬೂದು ಬಣ್ಣ ತುಂಬುತ್ತದೆ. ಅದು ಏಳದಿದ್ದರೆ? ಕರೆಂಟ್ ಬಂದಾಗ ವಿಡಿಯೋ ರ‍್ಯಾಮ್‌ನಲ್ಲಿ ಏನು ಕಸ ಇತ್ತೋ ಅದೇ ಪರದೆಗೆ ಬರುತ್ತದೆ. ಆ ಕಸವೇ ಈ ಪಟ್ಟೆ. ಜಪಾನಿನ ಹವ್ಯಾಸಿಗಳು ಇದಕ್ಕೆ 'ಶಿಮಶಿಮ ಮ್ಯಾಕ್' ಎಂದು ಹೆಸರಿಟ್ಟಿದ್ದಾರೆ. ಶಿಮ ಅಂದರೆ ಅವರ ಭಾಷೆಯಲ್ಲಿ ಪಟ್ಟೆ.

ಹಾಗಾಗಿ ಪಟ್ಟೆ ನೋಡಿ ಎದೆಗುಂದಬಾರದು. ಅದು ಒಳ್ಳೆಯ ಸುದ್ದಿಯನ್ನೂ ಹೇಳುತ್ತಿದೆ. ಪಿಕ್ಚರ್ ಟ್ಯೂಬ್ ಚೆನ್ನಾಗಿದೆ. ಹೈವೋಲ್ಟೇಜ್ ಬರುತ್ತಿದೆ. ಗಡಿಯಾರದ ಹರಳು ಮಿಡಿಯುತ್ತಿದೆ. ವಿಡಿಯೋ ಭಾಗದ ಬಹುಪಾಲು ಕೆಲಸ ಮಾಡುತ್ತಿದೆ. ತೊಂದರೆ ಇರುವುದು ಪ್ರೊಸೆಸರ್ ಮತ್ತು ರೋಮ್ ನಡುವೆ, ಇಲ್ಲವೇ ಅವುಗಳ ಸುತ್ತಮುತ್ತ.

ಬಿಚ್ಚುವುದಕ್ಕೆ ಟಿ-15 ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು, ಅದೂ ಉದ್ದ ಕತ್ತಿನದು. ಎರಡು ಸ್ಕ್ರೂ ಹಿಡಿಕೆಯ ಗುಳಿಯೊಳಗೆ ಬಹಳ ಆಳದಲ್ಲಿವೆ, ಮಾಮೂಲಿ ಸ್ಕ್ರೂಡ್ರೈವರ್ ಮುಟ್ಟುವುದೇ ಇಲ್ಲ. ಇನ್ನೆರಡು ಕೆಳಗೆ ಪೋರ್ಟ್‌ಗಳ ಹತ್ತಿರ. ಮುಂದಿನ ಚೌಕಟ್ಟು ಕೆಳಗೆ ಬರುವಂತೆ ದಪ್ಪ ಟವೆಲ್ ಮೇಲೆ ಮಲಗಿಸಿ, ಹಿಂದಿನ ಕವಚವನ್ನು ಸ್ವಲ್ಪ ಸ್ವಲ್ಪವೇ ಎತ್ತಬೇಕು. ಸಂದಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಪ್ಲಾಸ್ಟಿಕ್ ಮೇಲೆ ಆದ ಗಾಯ ಹೋಗುವುದಿಲ್ಲ.

ಇಲ್ಲಿ ಒಂದು ಮಾತು, ದಯವಿಟ್ಟು ಗಮನ ಕೊಟ್ಟು ಓದಿ. ಪಿಕ್ಚರ್ ಟ್ಯೂಬಿನ ಪಕ್ಕದಲ್ಲಿರುವ ರಬ್ಬರ್ ಟೋಪಿಯ ಕೆಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಪ್ಲಗ್ ಕಿತ್ತ ಮೇಲೂ. ಉಂಗುರ, ವಾಚು ತೆಗೆದಿಡಿ. ಒಂದು ಕೈ ಬೆನ್ನ ಹಿಂದೆ ಇರಲಿ. ಟ್ಯೂಬಿನ ಲೋಹದ ಚೌಕಟ್ಟಿಗೆ ವೈರ್ ಕಟ್ಟಿ, ಹೈವೋಲ್ಟೇಜ್ ತಾಳುವ ರೆಸಿಸ್ಟರ್ ಇರುವ ಕಡ್ಡಿಯಿಂದ ಟೋಪಿಯ ಅಡಿ ಮುಟ್ಟಿಸಿ ಖಾಲಿ ಮಾಡಿ. ಈ ಕೆಲಸ ಮಾಡಿ ಗೊತ್ತಿಲ್ಲದಿದ್ದರೆ ಹಳೆಯ ಟಿವಿ ರಿಪೇರಿ ಮಾಡುತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಿರಿ. ಟ್ಯೂಬಿನ ಹಿಂದಿನ ಸಪೂರ ಕತ್ತಿನ ಮೇಲೂ ನಿಗಾ ಇರಲಿ. ಮೊಣಕೈ ತಾಗಿದರೆ ಸಾಕು, ಗಾಜು ಮುರಿದು ಗಾಳಿ ನುಗ್ಗುತ್ತದೆ. ಆಮೇಲೆ ಆ ಟ್ಯೂಬ್ ಇಲ್ಲ.

ನಾಲ್ಕು ಕನೆಕ್ಟರ್ ಬಿಡಿಸಿದೆ: ಪವರ್ ಬರುವುದು, ಹಾರ್ಡ್ ಡಿಸ್ಕ್, ಫ್ಲಾಪಿ, ಸ್ಪೀಕರ್. ಮೇನ್ ಬೋರ್ಡನ್ನು ಮೇಲಕ್ಕೆ ಜಾರಿಸಿ ಹೊರಗೆ ತೆಗೆದೆ. ಮೊದಲು ಕಣ್ಣು ಹೋಗಿದ್ದು ಬ್ಯಾಟರಿ ಕಡೆ. ಅರ್ಧ ಎಎ ಗಾತ್ರದ 3.6 ವೋಲ್ಟ್ ಲಿಥಿಯಂ ಬ್ಯಾಟರಿ ಅದು. ಹಳೆಯದಾಗಿ ಒಡೆದರೆ ಬೋರ್ಡನ್ನು, ಕಬ್ಬಿಣದ ಚೌಕಟ್ಟನ್ನು ಸೇರಿಸಿ ತಿಂದು ಹಾಕುತ್ತದೆ. ನನ್ನದು ಒಡೆದಿರಲಿಲ್ಲ. ತಕ್ಷಣ ಕಿತ್ತು ಹಾಕಿದೆ. ನಿಮ್ಮ ಬಳಿ ಯಾವುದೇ ಹಳೆಯ ಮ್ಯಾಕ್ ಇದ್ದರೆ, ಬೇರೇನೂ ಮಾಡದಿದ್ದರೂ ಈ ವಾರವೇ ಅದರ ಬ್ಯಾಟರಿ ತೆಗೆದುಬಿಡಿ. ಆ ಒಂದು ಕೆಲಸದಿಂದ ಯಂತ್ರ ಉಳಿಯುತ್ತದೆ.

ಬ್ಯಾಟರಿ ಒಳ್ಳೆಯದಿದ್ದರೂ ಬೋರ್ಡ್ ಚೆನ್ನಾಗಿರಲಿಲ್ಲ. ಬೆಳಕಿಗೆ ಓರೆ ಹಿಡಿದರೆ, ಕರೆಂಟನ್ನು ಕ್ಷಣ ಹೊತ್ತು ಹಿಡಿದಿಡುವ ಕೆಪಾಸಿಟರ್‌ಗಳ ಸುತ್ತ ಎಣ್ಣೆ ಬಿದ್ದ ಹಾಗೆ ಮಂಕು. ಹತ್ತಿರದ ಚಿಪ್‌ಗಳ ಕಾಲುಗಳ ಹೊಳಪೇ ಹೋಗಿತ್ತು. ಕೆಲವು ಕಡೆ ಹಸಿರು ಕಿಲುಬು. ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳ ಹಾಗೆ ಕೂತಿರುವ ಇವು ಅಲ್ಯೂಮಿನಿಯಂ ಕೆಪಾಸಿಟರ್‌ಗಳು, ಹೆಚ್ಚಿನವು 47 ಮೈಕ್ರೋಫ್ಯಾರಡ್, 16 ವೋಲ್ಟ್. ಆ ಕಾಲದ ಈ ಬಗೆಯ ಕೆಪಾಸಿಟರ್‌ಗಳ ಅಡಿಯ ರಬ್ಬರ್ ಮುಚ್ಚಳ ಇಷ್ಟು ವರ್ಷ ತಾಳುವುದಿಲ್ಲ. ಒಳಗಿನ ದ್ರವ ಮೆಲ್ಲಗೆ ಜಿನುಗಿ ತಾಮ್ರವನ್ನು ತಿನ್ನುತ್ತದೆ. ಅದು ಕರೆಂಟನ್ನೂ ಹಾಯಿಸುತ್ತದೆ, ಹಾಗಾಗಿ ಪಕ್ಕಪಕ್ಕದ ಎರಡು ಕಾಲುಗಳ ನಡುವೆ ಇರಬಾರದ ಸಂಬಂಧ ಹುಟ್ಟುತ್ತದೆ.

ನನ್ನ ಗಟ್ಟಿ ಅಭಿಪ್ರಾಯ ಇಷ್ಟು: ಇಂಥ ಬೋರ್ಡಿನಲ್ಲಿ ಮೊದಲು ತೊಳೆಯಬೇಕು, ಆಮೇಲೆ ಹುಡುಕಬೇಕು. ಕೊಳಕು ಬೋರ್ಡಿನ ಮೇಲೆ ಮಲ್ಟಿಮೀಟರ್ ಹಿಡಿದು ಅಳೆದರೆ ಪ್ರತಿ ಅಳತೆಯೂ ಸುಳ್ಳು ಹೇಳಬಹುದು. ಚಿಪ್ ಕೆಟ್ಟಿದೆ ಎಂದುಕೊಂಡು ಒಳ್ಳೆಯ ಚಿಪ್ ಕಿತ್ತರೆ, ಅದರ ಕಾಲು ಕೂರುವ ತಾಮ್ರದ ಪ್ಯಾಡ್ ಕಿಲುಬು ಹಿಡಿದಿದ್ದರೆ ಜೊತೆಗೇ ಎದ್ದು ಬರುತ್ತದೆ. ಆಗ ಒಂದು ತೊಂದರೆಗೆ ಇನ್ನೊಂದು ಸೇರಿತು.

ಹಳೆಯ ಕೆಪಾಸಿಟರ್ ತೆಗೆಯಲು ನಾನು ಎರಡು ಸಾಲ್ಡರಿಂಗ್ ಐರನ್ ಬಳಸುತ್ತೇನೆ. ಎರಡೂ ಕಾಲಿಗೆ ಹೊಸ ಸಾಲ್ಡರ್ ಧಾರಾಳವಾಗಿ ತಿನ್ನಿಸಿ, ಎರಡೂ ಕಡೆ ಒಟ್ಟಿಗೆ ಕಾಯಿಸಿದರೆ ಅದು ತಾನಾಗಿ ಜಾರಿ ಬರುತ್ತದೆ. ಇಕ್ಕಳದಲ್ಲಿ ಹಿಡಿದು ತಿರುಚಿ ಕೀಳುವವರೂ ಇದ್ದಾರೆ. ಅದರಿಂದ ಚೆನ್ನಾಗಿ ಬಂದದ್ದನ್ನೂ ನೋಡಿದ್ದೇನೆ, ಆದರೆ ನನಗೆ ಧೈರ್ಯ ಬರುವುದಿಲ್ಲ. ಪ್ಯಾಡ್ ಆಗಲೇ ಸಡಿಲವಾಗಿರುತ್ತೆ ಅಲ್ವಾ? ಕಾಯಿಸುವಾಗ ಹಳಸಿದ ಮೀನಿನ ವಾಸನೆ ಬರುತ್ತದೆ. ಒಣಗಿ ಕೂತ ದ್ರವ ಬಿಸಿಯಾದಾಗ ಬರುವ ವಾಸನೆ ಅದು. ಗ್ಯಾರೇಜಿನ ಬಾಗಿಲು ತೆರೆದು, ಫ್ಯಾನ್ ಹಾಕಿಕೊಂಡೇ ಮಾಡಿದೆ.

ಎಲ್ಲ ಕಿತ್ತ ಮೇಲೆ ತೊಳೆತ. ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಟೂತ್‌ಬ್ರಷ್. ಚಿಪ್‌ಗಳ ಕಾಲುಗಳ ಸಂದಿ ಸಂದಿಗೂ ಬ್ರಷ್ ಹೋಗಬೇಕು. ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಎರಡು ದಿನ ಫ್ಯಾನ್ ಮುಂದೆ ನಿಲ್ಲಿಸಿದೆ. ಚಿಪ್‌ಗಳ ಹೊಟ್ಟೆಯ ಕೆಳಗೆ ನೀರು ಉಳಿದಿರುತ್ತದೆ, ಆತುರ ಬೇಡ.

ಹೊಸದಾಗಿ ಹಾಕಿದ್ದು ಟ್ಯಾಂಟಲಮ್ ಕೆಪಾಸಿಟರ್‌ಗಳು. ಇವು ಜಿನುಗುವುದಿಲ್ಲ. ಒಂದು ಅಪಾಯ ಇದೆ. ಅಲ್ಯೂಮಿನಿಯಂ ಡಬ್ಬಿಯ ಮೇಲಿನ ಕಪ್ಪು ಗುರುತು ಮೈನಸ್ ಕಡೆ ತೋರಿಸುತ್ತದೆ. ಟ್ಯಾಂಟಲಮ್ ಮೇಲಿನ ಗೆರೆ ಪ್ಲಸ್ ಕಡೆ. ಹಳೆಯದರ ಗೆರೆ ಇದ್ದ ಕಡೆಗೇ ಹೊಸದರ ಗೆರೆ ಇಟ್ಟರೆ ಉಲ್ಟಾ ಆಗಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ಕೀಳುವ ಮೊದಲು ಫೋಟೋ ತೆಗೆದು, ಬೋರ್ಡಿನ ಮೇಲೆ ಅಚ್ಚಾಗಿರುವ ಪ್ಲಸ್ ಗುರುತನ್ನು ಮಾತ್ರ ನಂಬಿ ಕೂರಿಸಿದೆ. ಒಂದೊಂದನ್ನೂ ಕೂರಿಸಿದ ಮೇಲೆ ಎರಡೆರಡು ಸಲ ನೋಡಿದೆ.

ಬೋರ್ಡ್ ವಾಪಸ್ ಹಾಕಿ ಮೊದಲು ವೋಲ್ಟೇಜ್ ನೋಡಿದೆ. ಇದಕ್ಕೆ ಡಬ್ಬಿಯ ಹಿಂದಿರುವ 19 ಪಿನ್ನಿನ ಫ್ಲಾಪಿ ಪೋರ್ಟ್ ಸಾಕು. 6ನೇ ಪಿನ್ನಿನಲ್ಲಿ 5 ವೋಲ್ಟ್, 7 ಮತ್ತು 8ರಲ್ಲಿ 12 ವೋಲ್ಟ್ ಇರಬೇಕು. ನನಗೆ 4.78 ಬಂತು. ಕಮ್ಮಿಯೇ. ಪವರ್ ಸಪ್ಲೈಯಲ್ಲಿರುವ ಸಣ್ಣ ತಿರುಪನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಕೂದಲೆಳೆಯಷ್ಟು ತಿರುಗಿಸಿ 5.02ಕ್ಕೆ ತಂದೆ. 12 ಮೀರಿ ಹೋಗಿಲ್ಲ ತಾನೇ ಎಂದು ಅದನ್ನೂ ನೋಡಿದೆ.

ಸ್ವಿಚ್ ಹಾಕಿದೆ. ಮತ್ತೆ ಪಟ್ಟೆ.

ಬೇಸರ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈಗ ಬೋರ್ಡ್ ಶುದ್ಧವಾಗಿತ್ತು. ಅಳೆದರೆ ನಿಜ ಗೊತ್ತಾಗುವ ಸ್ಥಿತಿಗೆ ಬಂದಿತ್ತು.

ರೋಮ್ ಇರುವುದು ಒಂದು ಸಣ್ಣ ಕಾರ್ಡಿನ ಮೇಲೆ, 64 ಕಾಲಿನ ಸಾಕೆಟ್‌ನಲ್ಲಿ. ಅದನ್ನು ತೆಗೆದು ಅಂಚು ಒರೆಸಿ ಮತ್ತೆ ಕೂರಿಸಿದೆ. ಕೆಲವು ಸಲ ಇಷ್ಟಕ್ಕೇ ಸರಿಹೋಗುತ್ತದೆ. ನನಗೆ ಆಗಲಿಲ್ಲ. ಮುಂದೆ ದಾರಿ ಒಂದೇ. ರೋಮ್‌ನಲ್ಲಿ 256 ಕೆಬಿ ಇದೆ, 32 ಬಿಟ್ ಅಗಲಕ್ಕೆ ಜೋಡಿಸಿದ್ದು. ಅಂದರೆ ಪ್ರೊಸೆಸರ್‌ನಿಂದ ರೋಮ್‌ಗೆ 32 ಡೇಟಾ ಗೆರೆ, ಅಷ್ಟು ಜಾಗ ಎಣಿಸಲು 16 ವಿಳಾಸದ ಗೆರೆ. ಒಟ್ಟು 48. ಇವುಗಳಲ್ಲಿ ಒಂದು ಕಡಿದರೂ ಸಾಕು, ಪ್ರೊಸೆಸರ್ ಮೊದಲ ಆದೇಶವನ್ನೇ ತಪ್ಪು ಓದಿ ಅಲ್ಲೇ ಕುಸಿಯುತ್ತದೆ. ಆಪಲ್‌ನ ಆಗಿನ ಸರ್ಕ್ಯೂಟ್ ನಕ್ಷೆ ಹವ್ಯಾಸಿಗಳ ನಡುವೆ ಓಡಾಡುತ್ತಿದೆ. ಅದನ್ನು ಪ್ರಿಂಟ್ ಮಾಡಿ ಪಕ್ಕಕ್ಕಿಟ್ಟುಕೊಂಡು, ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ, ಒಂದೊಂದೇ ಗೆರೆ ನೋಡುತ್ತ ಹೋದೆ. ಬೀಪ್ ಬಂದದ್ದಕ್ಕೆ ಪೆನ್ಸಿಲ್‌ನಲ್ಲಿ ಟಿಕ್.

ಇಪ್ಪತ್ತೇಳನೆಯದು ಸದ್ದು ಮಾಡಲಿಲ್ಲ.

ಮತ್ತೆ ಇಟ್ಟೆ. ಇಲ್ಲ. ಪಿನ್ ಗಟ್ಟಿಯಾಗಿ ಒತ್ತಿದೆ. ಇಲ್ಲ. ಗೆರೆಯ ಜಾಡು ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತ ಹೋದರೆ, ಅದು ಒಂದು ಹಳೆಯ ಕೆಪಾಸಿಟರ್ ಕೂತಿದ್ದ ಜಾಗದ ಕೆಳಗೇ ಹಾಯ್ದು ಹೋಗಿತ್ತು. ಅಲ್ಲಿ ಹಸಿರು ಬಣ್ಣದ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಜಾಗ ಕಪ್ಪಾಗಿತ್ತು. ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆದೆ. ತಾಮ್ರವೇ ಇರಲಿಲ್ಲ, ಪುಡಿ ಮಾತ್ರ. ಉಳಿದ 21 ಗೆರೆಗಳನ್ನೂ ಬಿಡದೆ ನೋಡಿದೆ, ಎಲ್ಲ ಸರಿ ಇದ್ದವು. ಕೂದಲಿನಷ್ಟು ಸಪೂರದ ವೈರ್ ತೆಗೆದುಕೊಂಡು, ಒಂದು ತುದಿ ರೋಮ್ ಸಾಕೆಟ್‌ನ ಕಾಲಿಗೆ, ಇನ್ನೊಂದನ್ನು ಗೆರೆ ಮುಂದುವರಿಯುವ ತೂತಿಗೆ ಸಾಲ್ಡರ್ ಮಾಡಿದೆ. ಬೀಪ್ ಬಂತು.

ಈ ಸಲ ಸ್ವಿಚ್ ಹಾಕಿದಾಗ ಮ್ಯಾಕ್ ಏಳುವಾಗಿನ ಆ ಒಂದು ಸ್ವರ ಕೇಳಿತು. ಮೆಲ್ಲಗಿನ, ದುಂಡನೆಯ ಸದ್ದು. ಪಟ್ಟೆ ಒಂದು ಕ್ಷಣ ಇದ್ದು ಅಳಿಸಿಹೋಯಿತು. ಬೂದು ಪರದೆ, ಮಧ್ಯದಲ್ಲಿ ಫ್ಲಾಪಿ ಚಿತ್ರ, ಅದರೊಳಗೆ ಮಿನುಗುವ ಪ್ರಶ್ನೆ ಚಿಹ್ನೆ. "ಡಿಸ್ಕ್ ಎಲ್ಲಿ?" ಎಂದು ಕೇಳುತ್ತಿದೆ. ಮಗಳನ್ನು ಕೂಗಿ ಕರೆದು ತೋರಿಸಿದೆ. ಅವಳು "ಅಪ್ಪ, ಇನ್ನೊಂದ್ಸಲ ಆನ್ ಮಾಡಿ" ಎಂದಳು, ಆ ಸದ್ದಿಗಾಗಿ. ನಾಲ್ಕು ಸಲ ಮಾಡಿದೆ.

ಡಿಸ್ಕಿನ ಕೆಲಸ ಬೇಗ ಮುಗಿಯಿತು. ಸ್ಕಸಿ ಎಂಬ ಆಗಿನ ಜೋಡಣೆಯ ಹಳೆಯ ಹಾರ್ಡ್ ಡಿಸ್ಕ್ ತಿರುಗಲೇ ಇಲ್ಲ. ಅದರ ಜಾಗಕ್ಕೆ ಬ್ಲೂಸ್ಕಸಿ ಎಂಬ ಪುಟ್ಟ ಬೋರ್ಡ್ ಹಾಕಿದೆ. ಎಸ್‌ಡಿ ಕಾರ್ಡಿನಲ್ಲಿರುವ ಫೈಲನ್ನೇ ಇದು ಹಾರ್ಡ್ ಡಿಸ್ಕ್ ಎಂದು ತೋರಿಸುತ್ತದೆ. ಫ್ಲಾಪಿ ಡ್ರೈವಿನ ಹಳೆಯ ಗ್ರೀಸ್ ಅಂಟಾಗಿತ್ತು. ಒರೆಸಿ ಹೊಸದು ಹಚ್ಚಿದೆ. ಒಂದು ಮಾತು ಗೊತ್ತಿರಲಿ: ಮ್ಯಾಕ್‌ನ 800 ಕೆಬಿ ಫ್ಲಾಪಿಗಳನ್ನು ಈಗ ಸಿಗುವ ಯುಎಸ್‌ಬಿ ಡ್ರೈವ್‌ಗಳು ಓದುವುದಿಲ್ಲ. ಆ ಫ್ಲಾಪಿಗಳಲ್ಲಿ ತಟ್ಟೆಯ ವೇಗವೇ ಒಳಸುತ್ತಿಗೆ ಒಂದು, ಹೊರಸುತ್ತಿಗೆ ಇನ್ನೊಂದು. 1.44 ಎಂಬಿಯದಾದರೆ ತೊಂದರೆ ಇಲ್ಲ, ಎಸ್‌ಇ/30 ಎರಡನ್ನೂ ಓದುತ್ತದೆ.

ರ‍್ಯಾಮ್ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. 4 ಎಂಬಿಯ ಎಂಟು ಕಡ್ಡಿ ಹಾಕಿದೆ, ಒಟ್ಟು 32. ನಾಲ್ಕು ನಾಲ್ಕರ ಗುಂಪಲ್ಲೇ ಹಾಕಬೇಕು, ಯಾಕೆಂದರೆ ಒಂದು ಕಡ್ಡಿಯ ಅಗಲ 8 ಬಿಟ್, ದಾರಿ 32 ಬಿಟ್. ಆನ್ ಮಾಡಿದ ಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಮತ್ತೆ ಕೆಟ್ಟಿತೇ ಎಂದು ಗಾಬರಿಪಡಬೇಡಿ, ಅದು ರ‍್ಯಾಮ್ ಪರೀಕ್ಷೆ ಮಾಡುತ್ತಿರುತ್ತದೆ. ರ‍್ಯಾಮ್ ಜಾಸ್ತಿ ಇದ್ದಷ್ಟೂ ಜಾಸ್ತಿ ಕಾಯಬೇಕು.

ಮ್ಯಾಕ್‌ನ ಆಪರೇಟಿಂಗ್ ಸಿಸ್ಟಮ್ ಆದ ಸಿಸ್ಟಮ್ 7 ಏನೋ ಬಂತು. ಆದರೆ ಉಪಯೋಗಕ್ಕೆ ಸಿಕ್ಕಿದ್ದು 8 ಎಂಬಿ ಮಾತ್ರ. ಇದು ಕೆಟ್ಟದ್ದಲ್ಲ, ಹುಟ್ಟುಗುಣ. ಮೊದಲ ಮ್ಯಾಕ್‌ನ 68000ಕ್ಕೆ 24 ಬಿಟ್ ವಿಳಾಸ ಸಾಕಿತ್ತು. ಬರೆಯುವ ಜಾಗ ಮಾತ್ರ 32 ಬಿಟ್. ಉಳಿದ 8 ಬಿಟ್ ಖಾಲಿ ಇದೆಯಲ್ಲ ಎಂದು ಆಗಿನ ಪ್ರೋಗ್ರಾಮರ್‌ಗಳು ಅಲ್ಲಿ ತಮ್ಮ ಗುರುತು ಬರೆದಿಟ್ಟರು. ಈ ತುಣುಕನ್ನು ಕದಲಿಸಬೇಡ, ಇದನ್ನು ಬೇಕಾದರೆ ಅಳಿಸು, ಹೀಗೆ. ಲಕೋಟೆಯ ಮೇಲೆ ವಿಳಾಸದ ಪಕ್ಕ ಉಳಿದ ಜಾಗದಲ್ಲಿ ಮನೆಯ ಲೆಕ್ಕ ಬರೆದ ಹಾಗೆ. 128 ಕೆಬಿಯಲ್ಲಿ ಸಂಸಾರ ನಡೆಸಬೇಕಾದ ದಿನಗಳಲ್ಲಿ ಅದು ಜಾಣತನವೇ. ಪೂರಾ 32 ಬಿಟ್ ವಿಳಾಸ ಓದುವ 68030 ಬಂದಾಗ ಆ ಬರಹವೂ ವಿಳಾಸದ ಭಾಗವಾಗಿಬಿಟ್ಟಿತು. ಎಸ್‌ಇ/30ಯ ರೋಮ್‌ನೊಳಗೂ ಈ ಹಳೆಯ ಅಭ್ಯಾಸ ಉಳಿದಿದೆ. ಇದಕ್ಕೆ ಕನೆಕ್ಟಿಕ್ಸ್ ಕಂಪನಿ ಮೋಡ್32 ಎಂಬ ತೇಪೆ ಬರೆಯಿತು, 1991ರಲ್ಲಿ ಆಪಲ್ ಅದನ್ನು ಪಡೆದು ಎಲ್ಲರಿಗೂ ಪುಕ್ಕಟೆ ಹಂಚಿತು. ನಾನೂ ಅದನ್ನೇ ಹಾಕಿದೆ. ಮ್ಯಾಕಿಂಟಾಷ್ IIಎಸ್‌ಐನ ರೋಮ್ ಕಾರ್ಡ್ ಸಿಕ್ಕರೆ ಇದೇ ಸಾಕೆಟ್‌ಗೆ ಕೂರುತ್ತದೆ, ಆಗ ತೇಪೆ ಬೇಡ. ನನಗೆ ಮಾತ್ರ ಹುಟ್ಟಿನ ರೋಮ್ ತೆಗೆಯಲು ಮನಸ್ಸಾಗಲಿಲ್ಲ. ಅಷ್ಟು ಕಷ್ಟಪಟ್ಟು ಅದಕ್ಕೆ ದಾರಿ ಮಾಡಿಕೊಟ್ಟಿದ್ದೇನೆ.

ಕೊನೆಗೆ ಉಳಿದದ್ದು ಚಿತ್ರದ ಅಳತೆ. ಪರದೆಯ ಎಡಗಡೆ ಚಿತ್ರ ಸ್ವಲ್ಪ ಕುಗ್ಗಿತ್ತು, ಎತ್ತರ ಜಾಸ್ತಿ ಇತ್ತು. ದುಂಡಗೆ ಎಳೆದ ವೃತ್ತ ಮೊಟ್ಟೆಯ ಹಾಗೆ ಕಾಣುತ್ತಿತ್ತು. ಹಳೆಯ ಮ್ಯಾಕ್‌ಗಳಲ್ಲಿ ಇದು ಬರೀ ಅಂದಚೆಂದದ ಮಾತಲ್ಲ. ಒಂದು ಇಂಚಿಗೆ 72 ಚುಕ್ಕಿ ಎಂಬುದು ಇದರ ನಿಯಮ. ಅಚ್ಚುಕೂಟದ ಒಂದು ಪಾಯಿಂಟ್ ಅಂದರೆ ಹೆಚ್ಚುಕಡಿಮೆ ಇಂಚಿನ 72ನೇ ಒಂದು ಭಾಗ, ಪರದೆಯಲ್ಲಿ ಒಂದು ಚುಕ್ಕಿ. ಪರದೆಯ ಮೇಲೆ 12 ಪಾಯಿಂಟಿನ ಅಕ್ಷರ ಎಷ್ಟು ಎತ್ತರವೋ ಕಾಗದದ ಮೇಲೂ ಅಷ್ಟೇ. ಈ ಲೆಕ್ಕದಲ್ಲಿ 512 ಚುಕ್ಕಿ 7.11 ಇಂಚು ಆಗಬೇಕು, 342 ಚುಕ್ಕಿ 4.75 ಇಂಚು.

ಹಿಂದಿನ ಕವಚ ತೆಗೆದಿಟ್ಟು, ಮುಂದೆ ಕನ್ನಡಿ ನಿಲ್ಲಿಸಿದೆ. ಯಂತ್ರ ಓಡುತ್ತಿರುವಾಗಲೇ ಮಾಡಬೇಕಾದ ಕೆಲಸ ಇದು, ಹಾಗಾಗಿ ಪ್ಲಾಸ್ಟಿಕ್ ಕಡ್ಡಿ ಮಾತ್ರ, ಒಂದೇ ಕೈ. ಪಿಕ್ಚರ್ ಟ್ಯೂಬನ್ನು ನಡೆಸುವ ಅನಲಾಗ್ ಬೋರ್ಡಿನ ಅಂಚಿನಲ್ಲಿ ಚಿತ್ರದ ಎತ್ತರ ಬದಲಿಸುವ ತಿರುಪಿದೆ. ಅಗಲಕ್ಕೆ ಒಂದು ಸುರುಳಿ, ಅದರ ಹೊಟ್ಟೆಯೊಳಗಿನ ಫೆರೈಟ್ ತುಂಡನ್ನು ಆರು ಮೂಲೆಯ ಕಡ್ಡಿಯಿಂದ ತಿರುಗಿಸಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು ಕೊಂಚ ಸರಿಯುತ್ತದೆ. ತಿರುಗಿಸು, ಅಳೆ, ಮತ್ತೆ ತಿರುಗಿಸು. ಯಂತ್ರ ಬಿಸಿಯಾದಂತೆ ಚಿತ್ರವೂ ಒಂದೆಳೆ ಬದಲಾಗುತ್ತದೆ. ಅದಕ್ಕೇ ಅರ್ಧ ಗಂಟೆ ಓಡಲು ಬಿಟ್ಟು ಆಮೇಲೆ ಕೊನೆಯ ಸುತ್ತು ಮಾಡಿದೆ.

ಮ್ಯಾಕ್‌ರೈಟ್ ಎಂಬ ಬರವಣಿಗೆಯ ಪ್ರೋಗ್ರಾಂ ತೆರೆದೆ. ಹಾಳೆಯ ಮೇಲ್ಗಡೆ ಇಂಚುಪಟ್ಟಿ ಬಂತು. ಮಗಳ ಸ್ಕೂಲ್ ಬ್ಯಾಗಿನಿಂದ ಸ್ಕೇಲ್ ತೆಗೆದು ಗಾಜಿಗೆ ಒತ್ತಿ ಹಿಡಿದೆ. ಸೊನ್ನೆಗೆ ಸೊನ್ನೆ ಕೂತಿತು. ಒಂದು, ಎರಡು, ಮೂರು, ನಾಲ್ಕು. ಐದನೇ ಇಂಚಿನ ಹತ್ತಿರ ಅರ್ಧ ಚುಕ್ಕಿಯಷ್ಟು ಸರಿದಿತ್ತು. ಅಗಲದ ಸುರುಳಿಯನ್ನು ಇನ್ನೊಂದು ಎಳೆ ತಿರುಗಿಸಿದೆ. ಆರಕ್ಕೆ ಆರೂ ಕೂತಿತು.